ಲಸಿಕೆಯೂ ಅಹಿಂಸಾಣುವ್ರತವೂ

ಮೊಟ್ಟೆಯನ್ನು ಮುಟ್ಟದ ಶ್ರಾವಕನು ನೈರೋಬಿಯ ಬಂಧುಗಳನ್ನು ಕಂಡು ಭಾರತಕ್ಕೆ ಮರಳುವಾಗ ಪೀತಜ್ವರದ ಲಸಿಕೆಯ ಪ್ರಮಾಣಪತ್ರವನ್ನು ತೋರಿಸಬೇಕು. ಇಲ್ಲವಾದರೆ 6 ದಿನಗಳವರೆಗೆ ಪ್ರತ್ಯೇಕವಾಸ. ಆ ಲಸಿಕೆಯ ವೈರಾಣುವನ್ನು ಬೆಳೆಸುವುದಾದರೋ ಭ್ರೂಣವುಳ್ಳ ಕೋಳಿಮೊಟ್ಟೆಯಲ್ಲಿ. ದಡಾರದ ಕೆಲವು ಲಸಿಕೆಗಳಿಗೂ ಕೋಳಿಭ್ರೂಣದ ಜೀವಕೋಶಗಳೇ ಆಧಾರ.

ಹಿಂಸೆಯು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆ. ಗೃಹಸ್ಥನಿಗೆ ಮೊದಲನೆಯದು ಸರ್ವಥಾ ತ್ಯಾಜ್ಯ. ಉಳಿದವುಗಳಲ್ಲಿ ಯತ್ನಾಚಾರ ಬೇಕು. ರೋಗಾಣುವಿನ ನಾಶವನ್ನು ವಿರೋಧಿಯಲ್ಲಿ ಸೇರಿಸಬಹುದು. ಮೊಟ್ಟೆಯೊಳಗಿನ ಭ್ರೂಣವು ಯಾರಿಗೆ ವಿರೋಧಿ? ಔಷಧಿಗೆ ದೋಷವಿಲ್ಲವೆಂಬ ಒಂದೇ ಮಾತಿನಿಂದ ಈ ತೊಡಕನ್ನು ಮುಚ್ಚಿಬಿಡುವುದು ಪ್ರಾಮಾಣಿಕವಲ್ಲ.

ಹಾಗೆಂದು ಲಸಿಕೆಯನ್ನು ನಿರಾಕರಿಸಿದವನು ನಿರ್ದೋಷಿಯಾಗುವನೆ? ದಡಾರವು ನಿರೋಧಶಕ್ತಿಯಿಲ್ಲದೆ ರೋಗಿಯ ಸಮೀಪಕ್ಕೆ ಬಂದ 10 ಜನರಲ್ಲಿ ಸುಮಾರು 9 ಮಂದಿಗೆ ಅಂಟಬಲ್ಲದು. ನಮ್ಮ ದೇಶದ ಕಾರ್ಯಕ್ರಮದಲ್ಲಿ ಅದರ ಮೊದಲ ಚುಚ್ಚುಮದ್ದು 9 ತಿಂಗಳು ತುಂಬಿದ ಮೇಲೆ. ಅದಕ್ಕಿಂತ ಎಳೆಯ ಕೂಸನ್ನು ಕಾಯುವವರು ಸುತ್ತಲಿನವರೇ. ಲಸಿಕೆಯಿಲ್ಲದ ಮಗುವನ್ನು ಪಂಚಕಲ್ಯಾಣದ ಜನಸಂದಣಿಗೆ ಕರೆತರುವ ತಂದೆಯು ಪರರ ಕೂಸನ್ನು ಅಪಾಯಕ್ಕೊಡ್ಡುತ್ತಾನೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಮೂಲವನ್ನು ಕಂಡದ್ದು ಪ್ರಮಾದದಲ್ಲಿ. ಈ ಉದಾಸೀನವೂ ಪ್ರಮಾದವೇ ಸರಿ.

ಎರಡು ಪ್ರಸಂಗಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ವಿನೋದಕ್ಕಾಗಿ ಹೊರಟವನು ಪಯಣವನ್ನೇ ಕೈಬಿಡಬಹುದು, ದಿಗ್ವ್ರತವಿರುವುದೇ ಅದಕ್ಕೆ. ಊರಿನ ಮಗುವಿಗೆ ಅಂಥ ದಾರಿಯಿಲ್ಲ, ರೋಗವು ಮನೆಬಾಗಿಲಿಗೇ ಬರುತ್ತದೆ. ಅಲ್ಲಿ ಲಸಿಕೆ ಹಾಕಿಸುವುದೇ ಕರ್ತವ್ಯ. ಪ್ರಾಣಿಜನ್ಯವಲ್ಲದ ತಯಾರಿಕೆಯು ದೊರೆಯುವುದೇ ಎಂದು ವೈದ್ಯರನ್ನು ಮುಂಚಿತವಾಗಿ ವಿಚಾರಿಸುವುದು ತಂದೆತಾಯಿಗಳಿಗೂ, ಶಿಬಿರ ನಡೆಸುವ ಬಸದಿಯ ಟ್ರಸ್ಟುಗಳಿಗೂ ಸಾಧ್ಯವಾದ ಯತ್ನಾಚಾರ. ದೊರೆಯದಿದ್ದಲ್ಲಿ ಅದಕ್ಕಾಗಿ ಮಗುವಿನ ಸರದಿಯನ್ನು ಮುಂದೂಡತಕ್ಕದ್ದಲ್ಲ.