ಆಡಿದ ಮಾತು, ಎತ್ತಿ ಹೇಳಿದ ಮಾತು

ರಾತ್ರಿ ಹತ್ತೂವರೆ ದಾಟಿತ್ತು. ಜಿಲ್ಲಾ ಪುಟ ಬಿಡುವ ಹೊತ್ತಿಗೆ ತಾಲ್ಲೂಕು ವರದಿಗಾರರಿಂದ ಆರು ಸಾಲಿನ ಸುದ್ದಿಯೊಂದು ಬಂತು. ಗ್ರಾಮಸಭೆಯಲ್ಲಿ ನೀರಿನ ಟ್ಯಾಂಕಿನ ಲೆಕ್ಕ ಕೇಳಿದ ಪಂಚಾಯಿತಿ ಸದಸ್ಯೆಯ ಮೇಲೆ ಊರಿನ ಮುಖಂಡನೊಬ್ಬ ಎಲ್ಲರೆದುರು ಎಗರಾಡಿದ್ದ. ಅವನು ಅಂದದ್ದನ್ನು ವರದಿಗಾರರು ಇದ್ದಹಾಗೆ ಬರೆದು ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಿದ್ದರು. ಆಕೆಯ ಜಾತಿಯ ಹೆಸರನ್ನೇ ಬೈಗುಳವಾಗಿ ತಿರುಗಿಸಿದ ಮಾತು ಅದು. ಆಗ ನಾನು ಡೆಸ್ಕಿನಲ್ಲಿದ್ದೆ. ಎರಡು ಸಲ ಓದಿದೆ, ಆ ಸಾಲು ಹೊಡೆದುಹಾಕಿದೆ, 'ಅವಾಚ್ಯ ಶಬ್ದಗಳಿಂದ ನಿಂದಿಸಿದ್ದಾರೆ ಎನ್ನಲಾಗಿದೆ' ಎಂದು ಬರೆದು ಪುಟ ಬಿಟ್ಟೆ.

ಮರುದಿನ ಮಧ್ಯಾಹ್ನ ಆಕೆಯೇ ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಅವನು ಏನಂದ ಅಂತ ನೀವು ಹಾಕ್ಲೇ ಇಲ್ವಲ್ಲ ಸಾರ್. ಪೇಪರ್ ಓದಿದೋರೆಲ್ಲ ಇದೇನೋ ನೀರಿನ ಜಗಳ ಅಂದ್ಕೊಂಡಿದಾರೆ."

"ಅಂಥ ಮಾತು ಪೇಪರಲ್ಲಿ ಹಾಕೋಕಾಗಲ್ಲಮ್ಮ" ಎಂದೆ. ಫೋನಿಟ್ಟ ಮೇಲೆ ಯಾಕೆ ಹಾಕೋಕಾಗಲ್ಲ ಎಂದು ನನ್ನನ್ನೇ ಕೇಳಿಕೊಂಡೆ. ಬೈದವನು ಅವನು. ಪತ್ರಿಕೆ ಅದನ್ನು ಎತ್ತಿ ಹೇಳುತ್ತಿತ್ತು, ಅಷ್ಟೇ. ಎತ್ತಿ ಹೇಳಿದರೆ ನನಗೂ ಮೈಲಿಗೆ ಅಂಟುತ್ತದೆಯೇ?

ಈ ಪ್ರಶ್ನೆಗೆ ತತ್ತ್ವಶಾಸ್ತ್ರದಲ್ಲಿ ಒಂದು ಪ್ರಸಿದ್ಧ ಭೇದವಿದೆ. ಪದವನ್ನು ಬಳಸುವುದು ಬೇರೆ, ಉಲ್ಲೇಖಿಸುವುದು ಬೇರೆ. 'ಮೈಸೂರಿನಲ್ಲಿ ಅರಮನೆ ಇದೆ' ಎನ್ನುವಾಗ ಆ ಹೆಸರನ್ನು ಬಳಸಿ ಊರಿನ ಬಗ್ಗೆ ಮಾತಾಡುತ್ತೇವೆ. 'ಮೈಸೂರು ಎಂಬುದಕ್ಕೆ ಮೂರು ಅಕ್ಷರ' ಎನ್ನುವಾಗ ಊರಿನ ಸುದ್ದಿಯೇ ಇಲ್ಲ, ಅಕ್ಷರ ಇರುವುದು ಹೆಸರಿಗೆ. ಜರ್ಮನಿಯ ಗಾಟ್ಲಾಬ್ ಫ್ರೇಗೆ 1892ರ ಒಂದು ಪ್ರಬಂಧದಲ್ಲಿ, ಇನ್ನೊಬ್ಬರ ಮಾತನ್ನು ಉದ್ಧರಿಸುವಾಗ ನಮ್ಮ ಪದಗಳು ಅವರ ಪದಗಳನ್ನು ಸೂಚಿಸುತ್ತವೆ ಎಂದು ತೋರಿಸಿದರು. ಅಮೆರಿಕದ ಡಬ್ಲ್ಯು.ವಿ. ಕ್ವೈನ್ 1940ರ 'ಮ್ಯಾಥಮೆಟಿಕಲ್ ಲಾಜಿಕ್' ಗ್ರಂಥದಲ್ಲಿ ಇದನ್ನು ಬಿಗಿಯಾಗಿ ವಿವರಿಸಿದ ಮೇಲೆ ತರ್ಕ ಕಲಿಯುವವರಿಗೆ ಇದು ಮೊದಲ ಪಾಠಗಳಲ್ಲೊಂದಾಯಿತು.

ಬಾಯಿಮಾತಿನ ಕನ್ನಡದಲ್ಲಿ ಉದ್ಧರಣ ಚಿಹ್ನೆಯ ಕೆಲಸವನ್ನು 'ಅಂತ' ಮಾಡುತ್ತದೆ. 'ಅವನು ಕಳ್ಳ' ಅಂದರೆ ಹೊಣೆ ನನ್ನದು. 'ಅವನು ಕಳ್ಳ ಅಂತ ಅವಳಂದಳು' ಅಂದರೆ ಹೊಣೆ ಅವಳದು. 'ಕಳ್ಳನಂತೆ' ಅಂದರೆ ಯಾರ ಹೊಣೆಯೂ ಅಲ್ಲ. ನಾನು ಅವಸರದಲ್ಲಿ ಬರೆದ 'ಎನ್ನಲಾಗಿದೆ' ಈ ಕೊನೆಯ ಜಾತಿಗೆ ಸೇರಿದ್ದು. ಎಲ್ಲರ ಕಣ್ಣೆದುರು ನಡೆದದ್ದನ್ನು ಅದು ಗಾಳಿಮಾತಾಗಿಸಿತ್ತು.

ಈ ಭೇದ ಪಶ್ಚಿಮದಲ್ಲೇ ಹುಟ್ಟಿದ್ದೆಂದು ಭಾವಿಸಬೇಕಾಗಿಲ್ಲ. ವ್ಯಾಕರಣದಲ್ಲಿ ಬಂದ ಪದ ತನ್ನ ರೂಪವನ್ನೇ ಸೂಚಿಸುತ್ತದೆ ಎಂಬ ಸೂತ್ರ ಪಾಣಿನಿಯ ಅಷ್ಟಾಧ್ಯಾಯಿಯಲ್ಲಿದೆ. 'ಅಗ್ನಿ'ಗೆ ಪ್ರತ್ಯಯ ಹಚ್ಚು ಎಂದರೆ ಒಲೆಯ ಕೆಂಡಕ್ಕೆ ಹಚ್ಚಲಾಗದು, ಪದಕ್ಕೇ ಹಚ್ಚಬೇಕು. ಪತಂಜಲಿ ತನ್ನ ಮಹಾಭಾಷ್ಯದಲ್ಲಿ ಇನ್ನೂ ಮುಂದೆ ಹೋಗಿ, ಸಂಪಾದಕರ ಮೇಜಿನ ಮೇಲೆ ಇರಬೇಕಾದ ಪ್ರಶ್ನೆಯನ್ನೇ ಎತ್ತುತ್ತಾನೆ. ಒಬ್ಬಾಕೆ ಋಕಾರ ನುಡಿಯಲಾರದೆ ಒಂದು ಪದವನ್ನು ತಪ್ಪಾಗಿ ಉಚ್ಚರಿಸುತ್ತಾಳೆ. ಇನ್ನೊಬ್ಬ, ಆಕೆ ಹೀಗೆಂದಳು ಎಂದು ಅದೇ ತಪ್ಪನ್ನು ಎತ್ತಿ ಹೇಳುತ್ತಾನೆ. ಈಗ ಇವನೂ ಅಪಶಬ್ದ ಆಡಿದವನೇ? ಚರ್ಚೆಯಲ್ಲಿ ಒಂದು ಆಕ್ಷೇಪ ಬರುತ್ತದೆ: ಕೊಲೆಗಾರನನ್ನು ಅನುಕರಿಸುತ್ತೇನೆಂದು ಹೊರಟು ಕೊಂದವನೂ ಪತಿತನೇ, ಕುಡುಕನನ್ನು ಅನುಕರಿಸಿ ಸುರೆ ಕುಡಿದವನೂ ಪತಿತನೇ. ಅದಕ್ಕೆ ಉತ್ತರ ಹೀಗಿದೆ: ನಿಜವಾಗಿ ಕೊಂದರೆ ಅದು ಅನುಕರಣೆ ಅಲ್ಲ, ಇನ್ನೊಂದು ಕೊಲೆ. ಅವನು ಹೀಗೆ ಕೊಂದ ಎಂದು ಬಾಳೆದಿಂಡನ್ನು ಕಡಿದು ತೋರಿಸಿದವನಿಗೆ, ಹೀಗೆ ಕುಡಿದ ಎಂದು ಹಾಲು ಕುಡಿದು ತೋರಿಸಿದವನಿಗೆ ದೋಷವಿಲ್ಲ. ಅಪಶಬ್ದವನ್ನು ತನ್ನ ಅರ್ಥವಾಗಿ ಹೊತ್ತ ಶಬ್ದ ತಾನು ಅಪಶಬ್ದವಾಗುವುದಿಲ್ಲ ಎಂಬಲ್ಲಿಗೆ ಪತಂಜಲಿ ಬಂದು ನಿಲ್ಲುತ್ತಾನೆ.

ಇದನ್ನು ಮೊದಲು ಓದಿದಾಗ ನನಗೆ ದೊಡ್ಡ ನಿರಾಳವಾಯಿತು. ಆದರೆ ಪತ್ರಿಕೆಯ ಮಟ್ಟಿಗೆ ಕಷ್ಟ ಶುರುವಾಗುವುದು ಆ ಬಾಳೆದಿಂಡಿನಲ್ಲೇ. ಮಾತಿನ ವಿಷಯದಲ್ಲಿ ಯಾವುದು ಕತ್ತು, ಯಾವುದು ಬಾಳೆದಿಂಡು? ಬೈಗುಳವನ್ನು ಇಡಿಯಾಗಿ ಅಚ್ಚುಹಾಕಿದರೆ ಕಡಿದು ತೋರಿಸಿದಂತೆಯೋ, ಮತ್ತೊಮ್ಮೆ ಕಡಿದಂತೆಯೋ? ಬರೀ ಬಾಳೆದಿಂಡು ನೋಡಿದವನಿಗೆ ಅಲ್ಲೊಂದು ಕೊಲೆ ನಡೆದಿತ್ತು ಎಂಬುದು ಮನಸ್ಸಿಗೆ ನಾಟುತ್ತದೆಯೇ?

1976ರಲ್ಲಿ ಅಮೆರಿಕದ ಪತ್ರಿಕೆಗಳು ಇದೇ ಇಕ್ಕಟ್ಟಿಗೆ ಸಿಕ್ಕಿದವು. ಅರ್ಲ್ ಬಟ್ಜ್ ಆಗ ಅಧ್ಯಕ್ಷ ಫೋರ್ಡ್ ಸಂಪುಟದಲ್ಲಿ ಕೃಷಿ ಕಾರ್ಯದರ್ಶಿ. ಆ ಆಗಸ್ಟಿನಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ರಿಪಬ್ಲಿಕನ್ ಪಕ್ಷದ ಸಮಾವೇಶ ಮುಗಿದ ಮೇಲೆ ವಿಮಾನದಲ್ಲಿ ಗಾಯಕ ಪ್ಯಾಟ್ ಬೂನ್ ಬಟ್ಜ್ ಅವರಿಗೆ ಒಂದು ಪ್ರಶ್ನೆ ಕೇಳಿದರು: ಲಿಂಕನ್ನರ ಪಕ್ಷಕ್ಕೆ ಕಪ್ಪು ಜನ ಯಾಕೆ ಹೆಚ್ಚು ಬರುತ್ತಿಲ್ಲ? ಬಟ್ಜ್ ಒಂದು 'ಜೋಕ್' ಹೇಳಿದರು. ಇಡೀ ಒಂದು ಸಮುದಾಯದ ಬಯಕೆಗಳನ್ನು ಮೈಯ ಮೂರು ಕೀಳು ಸುಖಗಳಿಗೆ ಇಳಿಸಿದ ಮಾತು ಅದು. ಜೊತೆಯಲ್ಲಿದ್ದ ಜಾನ್ ಡೀನ್, ಆಡಿದವರ ಹೆಸರು ಹೇಳದೆ ಅದನ್ನು 'ರೋಲಿಂಗ್ ಸ್ಟೋನ್' ಪತ್ರಿಕೆಯಲ್ಲಿ ಬರೆದರು. ಆಮೇಲೆ 'ನ್ಯೂ ಟೈಮ್ಸ್' ಎಂಬ ಇನ್ನೊಂದು ಪತ್ರಿಕೆ ಸಂಪುಟ ಸದಸ್ಯರ ಪ್ರವಾಸದ ವಿವರಗಳನ್ನು ತಾಳೆ ನೋಡಿ ಬಟ್ಜ್ ಹೆಸರು ಹೊರಗಿಟ್ಟಿತು. ಅಕ್ಟೋಬರ್ 4ರಂದು ಬಟ್ಜ್ ರಾಜೀನಾಮೆ ಕೊಟ್ಟರು.

ಚುನಾವಣೆ ಎದುರಿಗಿರುವಾಗ ಸಂಪುಟ ಸದಸ್ಯನೊಬ್ಬ ಒಂದು ಮಾತಿನಿಂದ ಕುರ್ಚಿ ಕಳೆದುಕೊಂಡ. ಆ ಮಾತು ಏನು ಎಂದು ಹೆಚ್ಚಿನ ಓದುಗರಿಗೆ ತಿಳಿಯಲೇ ಇಲ್ಲ. ಇದ್ದಹಾಗೆ ಅಚ್ಚುಹಾಕಿದವರೆಂದು ಹೆಸರಾದವು ಮ್ಯಾಡಿಸನ್ನಿನ 'ಕ್ಯಾಪಿಟಲ್ ಟೈಮ್ಸ್' ಮತ್ತು ಒಹಾಯೋದ 'ಟೊಲೆಡೊ ಬ್ಲೇಡ್'. ಉಳಿದವು ಅಶ್ಲೀಲ ಪದಗಳನ್ನು ತೆಗೆದು, ಮೆತ್ತಗೆ ಮಾಡಿ, ಅಥವಾ ಜನಾಂಗನಿಂದೆಯ ಮಾತು ಎಂದಷ್ಟೇ ಬರೆದು ಮುಗಿಸಿದವು. ಟೆಕ್ಸಸ್ಸಿನ ಲಬಕ್ ಊರಿನ ಪತ್ರಿಕೆ, ಪೂರ್ತಿ ಮಾತು ನಮ್ಮ ಕಚೇರಿಯಲ್ಲಿದೆ, ಬಂದು ಓದಬಹುದು ಎಂದು ತಿಳಿಸಿತು. 200ಕ್ಕೂ ಹೆಚ್ಚು ಜನ ಹೋಗಿ ಓದಿದರು. ಸ್ಯಾನ್ ಡಿಯಾಗೋದ 'ಈವನಿಂಗ್ ಟ್ರಿಬ್ಯೂನ್' ಕೇಳಿದವರಿಗೆ ಅಂಚೆಯಲ್ಲಿ ಕಳಿಸುತ್ತೇವೆ ಎಂದಿತು. 3,000ಕ್ಕೂ ಹೆಚ್ಚು ಓದುಗರು ಕೇಳಿದರು.

ಆ ಲಬಕ್ ಕಚೇರಿಯ ಬಾಗಿಲನ್ನು ನಾನು ಅನೇಕ ಸಲ ಮನಸ್ಸಿನಲ್ಲಿ ಚಿತ್ರಿಸಿಕೊಂಡಿದ್ದೇನೆ. ಅಲ್ಲಿಗೆ ಹೋದವರಲ್ಲಿ ಕೆಟ್ಟ ಕುತೂಹಲದವರು ಇದ್ದಿರಬಹುದು. ಆದರೂ ತಮ್ಮನ್ನಾಳುವವನು ಏನಂದ ಎಂದು ಸ್ವತಃ ಓದಿ ತೂಗುವ ಹಕ್ಕನ್ನು ಅವರು ಕೇಳುತ್ತಿದ್ದರು. ಸಂಪಾದಕ ಮೆತ್ತಗೆ ಮಾಡಿ ಕೊಟ್ಟಾಗ ತೀರ್ಪನ್ನೂ ತಾನೇ ಕೊಟ್ಟಂತಾಯಿತು. ಓದುಗನಿಗೆ ಉಳಿದದ್ದು ಬಾಳೆದಿಂಡಿನ ತುಂಡು. ಹಾಗಾದರೆ ಈ ಲೇಖನದಲ್ಲಿ ಆ ಮಾತನ್ನು ನಾನೇಕೆ ಬರೆಯುತ್ತಿಲ್ಲ ಎಂದು ಕೇಳಬಹುದು. ಬಟ್ಜ್ ಆ ಹುದ್ದೆಗೆ ಯೋಗ್ಯರೇ ಎಂದು ಇವತ್ತು ನಾವು ತೀರ್ಮಾನಿಸಬೇಕಾಗಿಲ್ಲ. 1976ರ ಮತದಾರರು ತೀರ್ಮಾನಿಸಬೇಕಿತ್ತು.

ಉದ್ಧರಣ ಚಿಹ್ನೆ ಏನನ್ನು ತೊಳೆಯುತ್ತದೆ, ಏನನ್ನು ತೊಳೆಯಲಾರದು ಎಂಬುದಕ್ಕೆ ಆಕ್ಸ್‌ಫರ್ಡಿನ ಜೆ.ಎಲ್. ಆಸ್ಟಿನ್ ಅವರ ವಿಚಾರ ನೆರವಾಗುತ್ತದೆ. 1955ರಲ್ಲಿ ಹಾರ್ವರ್ಡಿನಲ್ಲಿ ಅವರು ಕೊಟ್ಟ ಉಪನ್ಯಾಸಗಳು 1962ರಲ್ಲಿ ಪುಸ್ತಕವಾಗಿ ಬಂದವು. ಒಂದು ಮಾತಿನಲ್ಲಿ ಅವರು ಮೂರು ಪದರ ಕಾಣುತ್ತಾರೆ: ಹೇಳಿದ್ದು, ಹೇಳುತ್ತಲೇ ಮಾಡಿದ್ದು, ಹೇಳಿದ್ದರಿಂದ ಆದದ್ದು. ಗ್ರಾಮಸಭೆಯ ಆ ಮನುಷ್ಯ ಒಂದು ಪದ ಹೇಳಿದ. ಹೇಳುತ್ತಲೇ ಒಬ್ಬ ಹೆಂಗಸನ್ನು ಅವಮಾನಿಸಿದ. ಅದರಿಂದ ಆಕೆ ನೊಂದರು, ಸುತ್ತಲಿನವರು ತಲೆ ತಗ್ಗಿಸಿದರು ಅಥವಾ ನಕ್ಕರು. ಪತ್ರಿಕೆ ಅದನ್ನು ಉದ್ಧರಿಸಿದಾಗ ನಡುವಿನ ಪದರ ಕಳಚಿ ಬೀಳುತ್ತದೆ, ಪತ್ರಿಕೆ ಯಾರನ್ನೂ ಬೈಯುತ್ತಿಲ್ಲ. ಮೂರನೆಯದು ಕಳಚುವುದಿಲ್ಲ. ಆ ಪದದ ಏಟು ತಿಂದೇ ಬೆಳೆದವರಿಗೆ ಬೆಳಗಿನ ಪತ್ರಿಕೆಯಲ್ಲಿ ಅದು ಕಂಡರೆ, ಅಕ್ಕಪಕ್ಕದ ಎರಡು ಸಣ್ಣ ಗೆರೆಗಳು ಏನನ್ನು ತಡೆದಾವು? ಲೂವೆಲ್ ಆಂಡರ್ಸನ್ ಮತ್ತು ಅರ್ನಿ ಲೆಪೋರ್ 2013ರಲ್ಲಿ ಬರೆದ ಪ್ರಬಂಧದಲ್ಲಿ ಇದನ್ನೇ ಎತ್ತಿಕೊಂಡು, ಹೀಗಳೆಯುವ ಪದಗಳು ನೋಯಿಸುವುದು ಅರ್ಥದಿಂದಲ್ಲ, ಅವು ನಿಷಿದ್ಧ ಪದಗಳಾದ್ದರಿಂದ, ಹಾಗಾಗಿ ಉದ್ಧರಿಸಿದರೂ ನಿಷೇಧ ಮುರಿದಂತೆಯೇ ಎಂದು ವಾದಿಸಿದ್ದಾರೆ. ಅರ್ಥಕ್ಕೆ ಏನೂ ಪಾತ್ರವಿಲ್ಲ ಎಂಬುದನ್ನು ನಾನು ಒಪ್ಪಲಾರೆ. ಆ ಪದದ ಹಿಂದೆ ಕೆರೆ, ಬಾವಿ, ಗುಡಿಯ ಹೊಸಿಲಿನ ಚರಿತ್ರೆಯಿದೆ. ಆದರೆ ಚಿಹ್ನೆ ಹಾಕಿದರೂ ನೋವು ಉಳಿಯುತ್ತದೆ ಎಂಬುದು ನಿಜ.

ಶೀರ್ಷಿಕೆಯ ವಿಷಯದಲ್ಲಂತೂ ಚಿಹ್ನೆಯ ಬಲ ತೀರ ಕಡಿಮೆ. ನಮ್ಮಲ್ಲಿ ಕ್ಷೌರದಂಗಡಿಯಲ್ಲಿ, ಹೋಟೆಲಿನ ಬೆಂಚಿನಲ್ಲಿ ಒಬ್ಬ ಗಟ್ಟಿಯಾಗಿ ಓದುತ್ತಾನೆ, ನಾಲ್ವರು ಕೇಳುತ್ತಾರೆ. ಚಿಹ್ನೆ ಕಿವಿಗೆ ಕೇಳುವುದಿಲ್ಲ. ದಪ್ಪ ಅಕ್ಷರದ ನಾಲ್ಕು ಪದಗಳ ಶೀರ್ಷಿಕೆಯಲ್ಲಿ 'ಅಂತ'ಕ್ಕೆ ಜಾಗವೂ ಇರುವುದಿಲ್ಲ.

ಕನ್ನಡದ ಡೆಸ್ಕಿಗೆ ಇನ್ನೊಂದು ತೊಡಕಿದೆ. ದಿಲ್ಲಿಯ ನಾಯಕ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಆಡಿದ್ದನ್ನು ಕನ್ನಡಕ್ಕೆ ತಂದು ಉದ್ಧರಣ ಚಿಹ್ನೆಯೊಳಗೆ ಇಡುತ್ತೇವೆ. ಚಿಹ್ನೆ 'ಇದು ಅವನದೇ ಮಾತು' ಎನ್ನುತ್ತದೆ, ಪದಗಳು ಮಾತ್ರ ನಮ್ಮವು. 2018ರ ಜನವರಿಯಲ್ಲಿ ಟ್ರಂಪ್ ಕೆಲವು ಬಡ ದೇಶಗಳ ಬಗ್ಗೆ ಹೊಲಸು ಮಾತಾಡಿದರೆಂಬ ಸುದ್ದಿ ಬಂದಾಗ ತೈವಾನಿನ ಸುದ್ದಿಸಂಸ್ಥೆ ಅದನ್ನು 'ಹಕ್ಕಿ ಮೊಟ್ಟೆ ಇಡದ ದೇಶಗಳು' ಎಂದು ಅನುವಾದಿಸಿತು. ಹೊಲಸೆಲ್ಲ ಸೋಸಿ, ಬರಡುತನ ಮಾತ್ರ ಉಳಿಯಿತು. ಎಷ್ಟು ಹೊಲಸಿನ ಕನ್ನಡ ಪದ ಆರಿಸಬೇಕು ಎಂದು ನಿರ್ಧರಿಸುವ ಉಪಸಂಪಾದಕರು ಆ ಗಳಿಗೆಯಲ್ಲಿ ಉಲ್ಲೇಖಿಸುತ್ತಿಲ್ಲ, ಬಳಸುತ್ತಿದ್ದಾರೆ. ಚುಕ್ಕಿ ಹಾಕಿ ಮೊದಲಕ್ಷರ ಉಳಿಸುವ ರೂಢಿಯೂ ನನಗೆ ಸಮಾಧಾನ ತಂದಿಲ್ಲ. ಉಳಿದ ಅಕ್ಷರಗಳನ್ನು ಓದುಗ ತನ್ನ ಬಾಯಲ್ಲೇ ತುಂಬಿಕೊಳ್ಳುತ್ತಾನೆ.

ಮತ್ತೆ ಆ ಫೋನಿಗೆ ಬರುತ್ತೇನೆ. ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕರ ಎದುರು ಜಾತಿಯ ಹೆಸರೆತ್ತಿ ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಅಲ್ಲಿ ಯಾವ ಪದ ಆಡಿದ ಎಂಬುದೇ ಪ್ರಕರಣದ ಹುರುಳು. 'ಅವಾಚ್ಯ' ಎಂಬ ಒಂದೇ ಮುಸುಕಿನ ಕೆಳಗೆ ಕುಡುಕನ ಬೈಗುಳ, ಕೊಲೆ ಬೆದರಿಕೆ, ಜಾತಿನಿಂದನೆ ಎಲ್ಲವೂ ಒಂದೇ ಆಕಾರದಲ್ಲಿ ಕಾಣುತ್ತವೆ. ನಾನು ಆಕೆಯ ಮಾನ ಕಾಯುತ್ತಿದ್ದೇನೆಂದು ನಂಬಿ ಅವನ ಮಾನ ಕಾಯ್ದಿದ್ದೆ.

ಸಂಜೆ ನಾನೇ ಫೋನ್ ಮಾಡಿದೆ. ಮುಂದುವರಿದ ಸುದ್ದಿ ಮಾಡುತ್ತಿದ್ದೇವೆ, ಆ ಪದ ಹಾಕಬಹುದೇ ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಟಿವಿಯ ಸದ್ದು, ಪಾತ್ರೆಯ ಸದ್ದು.

"ಹೆಡ್ಡಿಂಗಲ್ಲಿ ಬೇಡ ಸಾರ್. ಮಗಳು ಸ್ಕೂಲಿಗೆ ಹೋಗ್ತಾಳೆ. ಒಳಗಡೆ ಒಂದೇ ಒಂದ್ ಸಲ ಹಾಕಿ. ಅವನು ಅಂದ ಅಂತ ಅವನ ಹೆಸರು ಹಾಕಿಯೇ ಹಾಕಿ."

ನಾಲ್ಕನೇ ಸಾಲಿನಲ್ಲಿ ಹಾಕಿದೆವು.