ಮೇಳದ ಋಣ

ಒಬ್ಬನೇ ಕುಳಿತು ಹಾಡುವವನಿಗೆ ಶ್ರುತಿ-ತಾಳಗಳ ನಿಯಮವೊಂದೇ ಸಾಕು. ನಾಲ್ವರು ಕೂಡಿ ಹಾಡತೊಡಗಿದೊಡನೆ ಅದಕ್ಕೆ ಇನ್ನೊಂದು ನಿಯಮ ಬಂದು ಸೇರುವದು, ಅದು ನೀತಿಯದು. ಶ್ರುತಿ ತಪ್ಪಿದರೆ ಕೇಳುವವರಿಗೆ ಕೂಡಲೆ ತಿಳಿಯುವದು. ನೀತಿ ತಪ್ಪಿದರೆ ಬಹುಕಾಲ ಯಾರಿಗೂ ತಿಳಿಯದೆ ಹೋಗಬಹುದು. ಆದಕಾರಣ ಎರಡನೆಯದನ್ನೇ ಹೆಚ್ಚು ವಿಚಾರಿಸಬೇಕಾಗಿದೆ. ಕೂಡಿ ಹಾಡುವವರು ಒಬ್ಬರಿಗೊಬ್ಬರು ಸಲ್ಲಿಸತಕ್ಕದ್ದೇನು? ಹಸಿವೆಯ ದಿನಗಳಲ್ಲಿ ಜೊತೆಗಿದ್ದವನಿಗೆ ಕೀರ್ತಿಯ ದಿನಗಳಲ್ಲಿ ಯಾವ ಹಕ್ಕು ಉಳಿಯುವದು? ಹಾಡಿನ ಹಿತಕ್ಕಾಗಿ ಗೆಳೆಯನನ್ನು ಬಿಡಬಹುದೆ? ಬಿಡಬಹುದಾದರೆ ಯಾವ ರೀತಿಯಿಂದ ಬಿಡಬೇಕು?

ಮೇಳವೆಂದರೇನೆಂಬುದನ್ನು ಇಂಡಿ ಸೀಮೆಯವರಿಗೆ ವಿವರಿಸಬೇಕಾದದ್ದಿಲ್ಲ. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ದಾರಿಯ ಮೇಲಿರುವ ಹೊರ್ತಿಯು ರೇವಣಸಿದ್ಧೇಶ್ವರನ ಊರು. ಈ ಸೀಮೆಯಲ್ಲಿ ಗುಡಿಯಿದ್ದಲ್ಲಿ ಭಜನೆಯುಂಟು, ಜಾತ್ರೆಯಿದ್ದಲ್ಲಿ ಗೀಗೀ ಪದವುಂಟು. ಗೀಗೀ ಮೇಳದ ಕಟ್ಟು ಬಲು ಸರಳವಾದದ್ದು. ಮುಂದಾಳು ದಪ್ಪು ಹಿಡಿದು ಪದವನ್ನು ಎತ್ತುವನು. ಹಿಂದೆ ನಿಂತವರಲ್ಲಿ ಒಬ್ಬನ ಕೈಯಲ್ಲಿ ತುಂತುಣಿ, ಇನ್ನೊಬ್ಬನ ಕೈಯಲ್ಲಿ ತಾಳ. ನುಡಿಯ ಕೊನೆಯನ್ನು ಅವರು ಎತ್ತಿಕೊಂಡು ಗೀ ಗೀ ಎಂದು ಮುಂದಕ್ಕೊಯ್ಯುವರು. ಹರದೇಶಿ-ನಾಗೇಶಿ ವಾದ ಹತ್ತಿದ ರಾತ್ರಿ ಒಂದು ಮೇಳ ಗಂಡಿನ ಪಕ್ಷವನ್ನು, ಇನ್ನೊಂದು ಹೆಣ್ಣಿನ ಪಕ್ಷವನ್ನು ಹಿಡಿದು ಬೆಳಗಿನ ತನಕ ಸವಾಲು-ಜವಾಬು ನಡೆಯುವದು. ಜನರು ಹೊಗಳುವದು ಮುಂದಾಳನ್ನು. ಆದರೆ ಅವನು ಉಸಿರು ತೆಗೆದುಕೊಂಡದ್ದು, ಮರೆತ ನುಡಿಯನ್ನು ನೆನೆಸಿಕೊಂಡದ್ದು, ಎದುರು ಮೇಳದ ಸವಾಲಿಗೆ ಉತ್ತರ ಹೊಸೆದದ್ದು, ಎಲ್ಲವೂ ಹಿಮ್ಮೇಳದವರು ತಮ್ಮ ದನಿಯಿಂದ ತುಂಬಿಕೊಟ್ಟ ಆ ಗಳಿಗೆಯಲ್ಲಿ. ಅದು ಅವರು ಕೊಟ್ಟ ಸಾಲ. ಅದಕ್ಕೆ ಪತ್ರವಿಲ್ಲ, ಸಾಕ್ಷಿಯೂ ಇಲ್ಲ.

ಈಗಿನ ತರುಣರು ಕಟ್ಟುವ ರಾಕ್ ಮೇಳದ ಹೆಸರು ಹಿರಿಯರ ಕಿವಿಗೆ ಕರ್ಕಶವಾಗಿ ಕೇಳಬಹುದು. 1950ರ ದಶಕದಲ್ಲಿ ಅಮೇರಿಕೆಯಲ್ಲಿ, ಮುಖ್ಯವಾಗಿ ಅಲ್ಲಿಯ ಕರಿಯ ಜನರ ಹಾಡಿನ ಬೇರಿನಿಂದ ಚಿಗುರಿದ ಈ ಸಂಗೀತವು ವಿದ್ಯುತ್ತಿನ ಗಿಟಾರನ್ನೂ ಡ್ರಮ್ಮನ್ನೂ ನೆಚ್ಚಿಕೊಂಡಿದೆ. ಅದರ ಸದ್ದು ದೊಡ್ಡದು. ಆದರೆ ಸದ್ದನ್ನು ಬದಿಗಿಟ್ಟು ಕಟ್ಟನ್ನು ನೋಡಿದರೆ ಅದು ಪರಕೀಯವೆನಿಸದು. ಅಲ್ಲಿಯೂ ಮುಂದೆ ನಿಂತು ಹಾಡುವವನೊಬ್ಬ. ಅಲ್ಲಿಯೂ ಕೆಳದನಿಯ ಗಿಟಾರನ್ನು ಹಿಡಿದು, ತುಂತುಣಿಯವನಂತೆ, ಯಾರ ಗಮನಕ್ಕೂ ಬಾರದೆ ಪದವನ್ನು ಹೊತ್ತು ನಡೆಯುವವನೊಬ್ಬ. ಅಲ್ಲಿಯೂ ಲಯ ಕಾಯುವವನೊಬ್ಬ. ಇಂಥ ಮೇಳಗಳು ಕಾಲೇಜಿನ ಕೋಣೆಯಲ್ಲಿಯೋ ಯಾರದೋ ಮನೆಯ ಮಾಳಿಗೆಯಲ್ಲಿಯೋ ಹುಟ್ಟುವವು. ವಾದ್ಯ ಕೊಳ್ಳಲು ಹಣವಿಲ್ಲ, ಅಭ್ಯಾಸಕ್ಕೆ ಸ್ಥಳವಿಲ್ಲ, ನೌಕರಿ ಬಿಡಲು ಮನೆಯವರ ಒಪ್ಪಿಗೆಯಿಲ್ಲ, ಕೇಳುವವರಂತೂ ಇಲ್ಲವೇ ಇಲ್ಲ. ಆ ಕಾಲದಲ್ಲಿ ಮೇಳವನ್ನು ಹಿಡಿದಿಡುವದು ಸ್ನೇಹ ಮತ್ತು ಬಾಯಿಮಾತು, ಇವೆರಡೇ.

ಕನ್ನಡ ನಾಡಿನಲ್ಲಿಯೇ ಇದಕ್ಕೆ ಉದಾಹರಣೆಗಳುಂಟು. ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರವನ್ನೋದಿ, ಭರತನಾಟ್ಯವನ್ನು ಕಲಿತಿದ್ದ ರಘು ದೀಕ್ಷಿತರು ಗಿಟಾರನ್ನು ಕೈಗೆತ್ತಿಕೊಂಡು ‘ಅಂತರಾಗ್ನಿ’ ಎಂಬ ಮೇಳವನ್ನು ಕಟ್ಟಿದರು. ಹೊಸ ವಾದ್ಯಗಳೊಡನೆ ಆ ಮೇಳದ ಬಾಯಲ್ಲಿ ಬಂದದ್ದು ಹಳೆಯ ಪದ. ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡ ಮೇಲೆ ಉತ್ತರ ಕರ್ನಾಟಕದ ಭಜನಾ ಮೇಳಗಳು ಯಾವ ಪದಗಳನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದವೋ ಅವೇ ಗಿಟಾರಿನ ಮೇಲೆ ಮತ್ತೊಮ್ಮೆ ಎದ್ದು ನಿಂತವು. ಆದರೆ ಧ್ವನಿಮುದ್ರಣದ ವ್ಯಾಪಾರಿಗಳಿಗೆ ಇದು ರುಚಿಸಲಿಲ್ಲ. ವರುಷಗಟ್ಟಲೆ ಬಾಗಿಲುಗಳು ತೆರೆಯಲಿಲ್ಲ. ಇತ್ತ ಸುಮಾರು 2005ರಲ್ಲಿ ಮೇಳವು ಚದುರಿತು. ದೀಕ್ಷಿತರು ಆಮೇಲೆ ತಮ್ಮ ಹೆಸರನ್ನೇ ಇಟ್ಟು, ಬಂದು ಕೂಡುವ ಕಲಾವಿದರಿಗೆಲ್ಲ ತೆರೆದ ಮನೆಯಂತಿರುವ ಬೇರೊಂದು ಏರ್ಪಾಡನ್ನು ಕಟ್ಟಿದರು. ಕೊನೆಗೆ ಚಲನಚಿತ್ರದ ಸಂಗೀತಗಾರರಾದ ವಿಶಾಲ್-ಶೇಖರ್ ಎಂಬವರು ಮುಂದೆ ಬಂದು 2008ರಲ್ಲಿ ಅವರ ಮೊದಲ ಸಂಕಲನವನ್ನು ಹೊರತಂದರು. ಆ ಸಂಕಲನಕ್ಕೆ ಇಟ್ಟ ಹೆಸರು ‘ಅಂತರಾಗ್ನಿ’ ಎಂದೇ.

ದೀಕ್ಷಿತರ ತಮ್ಮ ವಾಸು ದೀಕ್ಷಿತರು ಗೆಳೆಯರೊಡನೆ 2002ರಲ್ಲಿ ಆರಂಭಿಸಿದ ‘ಸ್ವರಾತ್ಮ’ದ ಕಥೆಯೂ ತಾಳ್ಮೆಯ ಕಥೆಯೇ. 2006ರಲ್ಲಿ ಬೆಂಗಳೂರಿನ ಒಂದು ರೇಡಿಯೋ ಸ್ಪರ್ಧೆಯನ್ನು ಗೆದ್ದ ಬಳಿಕ ಅವರ ಹೆಸರು ನಾಲ್ಕು ಜನರಿಗೆ ತಿಳಿಯಿತು. ಮೊದಲ ಸಂಕಲನ ಹೊರಬಂದದ್ದು 2009ರಲ್ಲಿ. ಬಿತ್ತನೆಗೂ ಸುಗ್ಗಿಗೂ ನಡುವೆ ಏಳು ವರುಷ! ಜೋಳದ ಸೀಮೆಯ ಒಕ್ಕಲಿಗನಿಗೆ ಮಳೆ ಕೈಕೊಟ್ಟ ಒಂದು ವರುಷವೇ ಎಷ್ಟು ದೀರ್ಘವೆಂಬುದು ಗೊತ್ತು. ಏಳು ವರುಷ ಫಲ ಕಾಣದ ಹೊಲದಲ್ಲಿ ಕೂಡಿ ದುಡಿಯುವವರ ನಡುವೆ ಎಂಥ ನಂಬಿಕೆ ಬೇಕು!

ಅಂತರಾಗ್ನಿಯ ಪ್ರಸಂಗದಲ್ಲಿ ವಿಚಾರಿಸಬೇಕಾದ ಸಂಗತಿಯೊಂದುಂಟು. ಮೇಳದ ಹೆಸರು ಎಲ್ಲರದಾಗಿರುವದು ಒಂದು ಪದ್ಧತಿ. ಒಬ್ಬನ ಹೆಸರಿನಲ್ಲಿ ಮೇಳ ನಡೆದು ಉಳಿದವರು ಬಂದುಹೋಗುವದು ಇನ್ನೊಂದು. ಮೊದಲನೆಯದು ಧರ್ಮ, ಎರಡನೆಯದು ಅಧರ್ಮವೆಂದು ಹೇಳಲಾಗದು. ನಾಟಕ ಕಂಪನಿಗಳು ಎಷ್ಟೋ ಕಾಲ ಒಡೆಯನ ಹೆಸರಿನಲ್ಲಿಯೇ ನಡೆದವು. ಅಲ್ಲಿಗೆ ಬಂದ ನಟನು ತಾನು ಪಾಲುಗಾರನಲ್ಲ, ಸಂಬಳದವನೆಂಬುದನ್ನು ಅರಿತೇ ಬಂದನು. ತನ್ನ ಹೆಸರನ್ನು ಬಾಗಿಲ ಮೇಲೆ ಬರೆದವನು ಒಳಗೆ ಬರುವವರಿಗೆ ಸತ್ಯವನ್ನೇ ಹೇಳಿದಂತಾಯಿತು. ಅಧರ್ಮ ಹುಟ್ಟುವದು ಇವೆರಡನ್ನೂ ಬೆರೆಸಿದಾಗ: ಕಷ್ಟ ಹಂಚುವಾಗ ಇದು ನಮ್ಮೆಲ್ಲರ ಮೇಳವೆಂದು, ಲಾಭ ಹಂಚುವಾಗ ಇದು ನನ್ನ ಮೇಳವೆಂದು ಹೇಳಿದಾಗ.

ಈ ಮಾತಿಗೆ ಜಗತ್ತಿನ ಅತ್ಯಂತ ಪ್ರಸಿದ್ಧ ರಾಕ್ ಮೇಳದಲ್ಲಿಯೇ ಒಂದು ಪರೀಕ್ಷೆ ನಡೆದಿದೆ. ಇಂಗ್ಲಂಡದ ಲಿವರ್‌ಪೂಲ್ ಎಂಬ ಬಂದರದ ಹುಡುಗರು ಕಟ್ಟಿದ ಬೀಟಲ್ಸ್ ಮೇಳವು 1960ರ ಆಗಸ್ಟಿನಲ್ಲಿ ಜರ್ಮನಿಯ ಹ್ಯಾಂಬರ್ಗಿಗೆ ಹೋಗುವ ಮುನ್ನ ಅದಕ್ಕೊಬ್ಬ ಡ್ರಮ್ ಬಾರಿಸುವವನು ಬೇಕಾಯಿತು. ಪೀಟ್ ಬೆಸ್ಟ್ ಎಂಬ ತರುಣನು ಸೇರಿದನು. ಅವನ ತಾಯಿ ತಮ್ಮ ಮನೆಯ ನೆಲಮಾಳಿಗೆಯಲ್ಲಿ ನಡೆಸುತ್ತಿದ್ದ ಕಾಫಿಯ ಕೂಟದಲ್ಲಿ ಈ ಹುಡುಗರಿಗೆ ಮೊದಲೇ ಹಾಡಲು ಎಡೆ ಸಿಕ್ಕಿತ್ತು. ಹ್ಯಾಂಬರ್ಗಿನಲ್ಲಿ ಅವರು ಮಲಗಿದ್ದು ಒಂದು ಸಿನೇಮಾ ಗೃಹದ ಹಿಂದಿನ ಕತ್ತಲೆಯ ಕೋಣೆಯಲ್ಲಿ, ಶೌಚಾಲಯದ ಮಗ್ಗುಲಿಗೆ. ಹಾಡಿದ್ದು ರಾತ್ರಿಗೆ ನಾಲ್ಕೈದು ತಾಸು. 1962ರ ಜನವರಿ 1ರಂದು ಡೆಕ್ಕಾ ಎಂಬ ಕಂಪನಿಯವರು ಅವರನ್ನು ಪರೀಕ್ಷಿಸಿ, ಬಳಿಕ ಬೇಡವೆಂದರು. ಅಂದು ಡ್ರಮ್ಮಿನ ಮೇಲಿದ್ದವನು ಬೆಸ್ಟನೇ. ಮುಂದೆ ಬೇರೊಂದು ಕಂಪನಿ ಬಾಗಿಲು ತೆರೆಯಿತು. ಆದರೆ ಧ್ವನಿಮುದ್ರಣದ ಮೇಲ್ವಿಚಾರಕನಾದ ಜಾರ್ಜ್ ಮಾರ್ಟಿನನಿಗೆ ಬೆಸ್ಟನ ಬಾರಿಸುವಿಕೆ ಸಮಾಧಾನ ಕೊಡಲಿಲ್ಲ. 1962ರ ಆಗಸ್ಟ್ 16ರಂದು ಮೇಳದ ವ್ಯವಸ್ಥಾಪಕನು ಬೆಸ್ಟನನ್ನು ಕರೆಯಿಸಿ, ನಿನ್ನ ಸ್ಥಳಕ್ಕೆ ರಿಂಗೋ ಸ್ಟಾರ್ ಬರುವನೆಂದು ತಿಳಿಸಿದನು. ಎರಡು ವರುಷ ಜೊತೆಗಿದ್ದ ಮೂವರು ಗೆಳೆಯರಲ್ಲಿ ಒಬ್ಬನೂ ಅಲ್ಲಿಗೆ ಬರಲಿಲ್ಲ. ಅಕ್ಟೋಬರ್ 5ಕ್ಕೆ ಮೇಳದ ಮೊದಲ ತಟ್ಟೆ ಹೊರಬಿತ್ತು. ಮುಂದಿನದು ಲೋಕಕ್ಕೆಲ್ಲ ತಿಳಿದ ಕಥೆ.

ಇಲ್ಲಿ ಕಲೆಯ ಪಕ್ಷದವರು ಎತ್ತುವ ಆಕ್ಷೇಪಣೆಯನ್ನು ಲಘುವಾಗಿ ತಳ್ಳಿಹಾಕಲಾಗದು. ಲಯ ಕಾಯುವವನ ಕೈ ಸಾಲದೆ ಹೋದರೆ ಹಾಡು ಕೆಡುವದು. ಹಾಡು ಕೆಟ್ಟರೆ ಉಳಿದವರ ಶ್ರಮವೂ ಕೇಳುಗರ ವೇಳೆಯೂ ವ್ಯರ್ಥ. ದಾಕ್ಷಿಣ್ಯಕ್ಕಾಗಿ ತಾಳಗೆಟ್ಟವನನ್ನು ಹಿಮ್ಮೇಳದಲ್ಲಿ ಇಟ್ಟುಕೊಂಡ ಗೀಗೀ ಮೇಳವು ಎದುರು ಪಕ್ಷದ ಮುಂದೆ ಬೆಳಗಿನ ತನಕ ನಿಂತೀತೆ? ಮೇಳವು ಅನ್ನಛತ್ರವಲ್ಲ. ಅದಕ್ಕೆ ಸೇರಿದವರೆಲ್ಲರೂ ಹಾಡಿಗೆ ಅಧೀನರು. ಹಾಡೇ ಬೇಡವೆಂದವನನ್ನು ಸ್ನೇಹ ಉಳಿಸಲಾರದು. ಇದೆಲ್ಲವೂ ಸರಿಯೆ. ಈ ದೃಷ್ಟಿಯಿಂದ ಬೆಸ್ಟನನ್ನು ಬಿಟ್ಟದ್ದು ತಪ್ಪೆಂದು ಸಾಧಿಸುವದು ಕಠಿಣ.

ಆದರೆ ಕಲೆಯು ಬೇಡಿದ್ದು ಅಗಲಿಕೆಯನ್ನು ಮಾತ್ರ. ಮುಖ ತಪ್ಪಿಸುವದನ್ನು ಅದು ಬೇಡಲಿಲ್ಲ. ಡ್ರಮ್ಮಿನ ಪೆಟ್ಟು ಬಿಗಿಯಾಗಬೇಕೆಂಬ ಕಾರಣದಿಂದ, ಗೆಳೆಯನ ಎದುರಿಗೆ ಕುಳಿತು ಇಂಥ ಕಾರಣಕ್ಕಾಗಿ ನೀನು ಹೋಗಬೇಕಾಗಿದೆಯೆಂದು ಹೇಳುವ ಕರ್ತವ್ಯ ತಪ್ಪುವದಿಲ್ಲ. ಆ ಮೂವರಲ್ಲಿ ಹಿರಿಯನಾದ ಜಾನ್ ಲೆನನ್ ತಾವು ಅಂದು ಹೇಡಿಗಳಾದೆವೆಂದು ಮುಂದೆ ತಾನಾಗಿ ಒಪ್ಪಿಕೊಂಡನು. ಒಪ್ಪಿಕೊಂಡದ್ದು ಕಲೆಯ ನಿರ್ಣಯವನ್ನಲ್ಲ, ನಡತೆಯ ನಿರ್ಣಯವನ್ನು. ಇವೆರಡೂ ಬೇರೆಯೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಏಕೆ ಬೇಕು?

ಮುಂದೆ 33 ವರುಷಗಳ ಮೇಲೆ, 1995ರಲ್ಲಿ, ಮೇಳದ ಹಳೆಯ ಮುದ್ರಣಗಳ ಸಂಗ್ರಹವೊಂದು ಹೊರಬಂದಿತು. ಬೆಸ್ಟನು ಬಾರಿಸಿದ ಹಾಡುಗಳೂ ಅದರಲ್ಲಿದ್ದುದರಿಂದ ಅವನಿಗೆ ದೊಡ್ಡ ಮೊತ್ತವೇ ಸಂದಿತು. ಆದರೆ ಅದೇ ಸಂಗ್ರಹದ ಮುಖಪುಟಕ್ಕೆ ಹಾಕಿದ ಹಳೆಯ ಪಟದಲ್ಲಿ ಅವನ ಮುಖವಿದ್ದಷ್ಟು ಭಾಗವನ್ನು ಹರಿದು, ಅಲ್ಲಿ ರಿಂಗೋನ ಮುಖ ಕಾಣುವಂತೆ ಮಾಡಲಾಗಿತ್ತು. ಕೂಲಿ ಮುಟ್ಟಿತು, ಮುಖ ಮುಟ್ಟಲಿಲ್ಲ. ಮೇಳದ ಋಣವು ಎರಡು ಬಗೆಯದೆಂದು ಇದರಿಂದ ತಿಳಿಯುವದು. ಒಂದು ದುಡ್ಡಿನದು, ಅದು ತಡವಾದರೂ ತೀರಬಹುದು. ಇನ್ನೊಂದು ಗುರುತಿನದು; ಇವನೂ ಇದ್ದನು, ಇವನಿಲ್ಲದೆ ಆ ದಿನಗಳು ಸಾಗುತ್ತಿರಲಿಲ್ಲವೆಂದು ನಾಲ್ವರ ಎದುರಿಗೆ ಹೇಳುವದು. ಇದನ್ನು ಹೇಳಬೇಕಾದವನು ಹೇಳಬೇಕಾದ ಹೊತ್ತಿಗೆ ಹೇಳದಿದ್ದರೆ ಯಾವ ಮೊತ್ತವೂ ಅದರ ಸ್ಥಳವನ್ನು ತುಂಬಲಾರದು. ಚದುರಿಹೋದ ಮೇಳದ ಹೆಸರನ್ನು ಮೊದಲ ಸಂಕಲನದ ಮೇಲೆ ಉಳಿಸಿದ್ದರಲ್ಲಿ, ಉದ್ದೇಶವೇನೇ ಇದ್ದರೂ, ಈ ಎರಡನೆಯ ಋಣದ ಒಂದು ಕಂತು ಸಂದಂತಾಯಿತು.

ಅದೇ ಬೀಟಲ್ಸ್ ಮೇಳದಲ್ಲಿ ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. ಲೆನನ್ ಮತ್ತು ಮೆಕಾರ್ಟ್ನಿ ಎಂಬ ಇಬ್ಬರು, ಇನ್ನೂ ಯಾರೂ ಅವರನ್ನು ಅರಿಯದ ಹುಡುಗತನದಲ್ಲಿ, ಯಾರು ಹಾಡು ಕಟ್ಟಿದರೂ ಇಬ್ಬರ ಹೆಸರನ್ನೂ ಹಾಕತಕ್ಕದ್ದೆಂದು ಮಾತಾಡಿಕೊಂಡರು. ಆಗ ಹಂಚಿಕೊಳ್ಳಲು ಏನೂ ಇರಲಿಲ್ಲ. ಮುಂದೆ ಒಂದೊಂದು ಹಾಡೂ ಒಂದೊಂದು ಆಸ್ತಿಯಾಯಿತು; ಒಬ್ಬನೇ ಕಟ್ಟಿದ ಹಾಡುಗಳು ಎಷ್ಟೋ ಆದವು; ಸ್ನೇಹವೂ ಹಳಸಿತು. ಆದರೂ ಮೇಳ ಇರುವ ತನಕ ಎರಡು ಹೆಸರುಗಳು ಜೊತೆಯಾಗಿಯೇ ನಡೆದವು. ಬರಿಗೈಯಲ್ಲಿ ಆಡಿದ ಮಾತೇ ನಿಜವಾದ ಮಾತು. ಯಾಕಂದರೆ ಅದನ್ನು ಆಡುವಾಗ ಲೋಭಕ್ಕೆ ಬಾಯಿ ಹಾಕಲು ಏನೂ ಇರುವದಿಲ್ಲ. ಮೇಳದ ಆರಂಭದ ಬಡತನವನ್ನು ಜನರು ಕಷ್ಟಕಾಲವೆಂದು ಮಾತ್ರ ಎಣಿಸುವರು. ನೀತಿಯ ದೃಷ್ಟಿಯಿಂದ ಅದು ಶಾಸನವನ್ನು ಕೊರೆಯುವ ಕಾಲ.

ಇಷ್ಟಕ್ಕೆ ಋಣದ ಲೆಕ್ಕ ಮುಗಿಯದು. ಮೇಳದ ಒಳಗಿನವರಿಗೆ ಸಲ್ಲುವದರಂತೆ, ಹಾಡು ಎಲ್ಲಿಂದ ಬಂತೋ ಅಲ್ಲಿಗೆ ಸಲ್ಲುವದೂ ಇದೆ. ಇದಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಾಗಿಲ್ಲ. ಹೊರ್ತಿಯ ಸೀಮೆಯಲ್ಲಿಯೇ ಇರುವ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರು ಕೂಡಿದ್ದು ಒಂದು ಮೇಳವೇ. ಅವರು ವಾದ್ಯ ಹಿಡಿಯದೆ ಲೇಖನಿ ಹಿಡಿದರೆಂಬುದಷ್ಟೇ ಭೇದ. ಜಾತಿ-ಮತಗಳು ಬೇರೆಬೇರೆ, ಹಣವಿಲ್ಲ, ದೊಡ್ಡ ಆಶ್ರಯವಿಲ್ಲ. ಬೀಸುಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡಿಕೊಳ್ಳುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ಅವರು ಪ್ರಕಟಿಸಿದ ಪುಸ್ತಕದ ಹೆಸರು ‘ಗರತಿಯ ಹಾಡು’. ತಮ್ಮನ್ನು ಕರೆದುಕೊಂಡದ್ದು ಹಲಸಂಗಿ ಗೆಳೆಯರೆಂಬ ಒಂದೇ ಹೆಸರಿನಿಂದ. ಹಾಡಿನ ಒಡೆತನವನ್ನು ಕೊಟ್ಟದ್ದು ಹೆಸರಿಲ್ಲದ ಆ ಗರತಿಗೆ. ಗೆಳೆತನದ ಋಣ ಮತ್ತು ಹಾಡಿನ ಋಣ ಎರಡೂ ಒಂದೇ ಮುಖಪುಟದ ಮೇಲೆ ಸಂದವು.

ಶರೀಫರ ಪದವನ್ನು ಗಿಟಾರಿನ ಮೇಲೆ ಹಾಡುವವರಿಗೆ ಈ ಕೆಲಸ ಕೊಂಚ ಸುಲಭ. ಪದದ ಕೊನೆಗೆ ಶಿಶುನಾಳಧೀಶನ ಅಂಕಿತವು ತಾನೇ ಕುಳಿತಿದೆ. ಅದನ್ನು ಬಿಡದೆ ಹಾಡಿದರೆ ಋಣಪತ್ರವನ್ನು ಓದಿದಂತೆಯೇ. ಬೀಸುವ ಪದಕ್ಕೆ ಅಂಕಿತವಿಲ್ಲ. ಅಲ್ಲಿ ಹಾಡುವವನೇ ಬಾಯಿಬಿಟ್ಟು, ಇದು ನನ್ನದಲ್ಲ, ಇಂಥ ಸೀಮೆಯ ತಾಯಂದಿರದೆಂದು ಹೇಳಬೇಕು. ಹೇಳಿದರೆ ಅವನ ಕೀರ್ತಿಯಲ್ಲಿ ಕಡಿಮೆಯಾಗುವದೇನೂ ಇಲ್ಲ. ಹೇಳದಿದ್ದರೆ ಕೇಳುವವರ ಪಾಲಿಗೆ ಆ ತಾಯಂದಿರು ಇಲ್ಲದಂತಾಗುವರು.

ಆದಕಾರಣ ಹೊಸದಾಗಿ ಮೇಳ ಕಟ್ಟುವ ತರುಣರು, ಅವರ ಕೈಯಲ್ಲಿ ತುಂತುಣಿಯಿರಲಿ ಗಿಟಾರಿರಲಿ, ಮೊದಲ ಪದವನ್ನು ಕಲಿಯುವ ಮುನ್ನವೇ ಮೂರು ಮಾತುಗಳನ್ನು ಆಡಿ ಮುಗಿಸುವದು ಒಳ್ಳೆಯದು: ಹೆಸರು ಯಾರದು, ಪಾಲು ಎಷ್ಟು, ಅಗಲುವದಾದರೆ ಎದುರಿಗೆ ಯಾರು ಕುಳಿತು ಹೇಳುವರು. ಸ್ನೇಹವಿದ್ದಲ್ಲಿ ಇಂಥ ಮಾತೇಕೆಂದು ಸಂಕೋಚಪಡುವವರುಂಟು. ಆದರೆ ಸ್ನೇಹವಿದ್ದಾಗಲೇ ಇಂಥ ಮಾತು ಸುಲಭ. ದುಡ್ಡು ಬಂದ ಮೇಲೆ ಆಡಿದರೆ ಅದು ವ್ಯಾಜ್ಯವಾಗುವದು. ಮೂರರಲ್ಲಿ ಮೂರನೆಯದು ಎಲ್ಲಕ್ಕಿಂತ ಕಠಿಣವಾದದ್ದು. ಹೆಸರಿಗೂ ಪಾಲಿಗೂ ಕಾಗದ ಸಾಕು. ಗೆಳೆಯನ ಎದುರಿಗೆ ಕುಳಿತು ಹೇಳುವದಕ್ಕೆ ಎದೆ ಬೇಕು.