ಚೀಲದ ತೂಕ ಇಳಿಯಲಿ

ತಡಸದ ಕ್ರಾಸಿನಿಂದ ಹುಬ್ಬಳ್ಳಿಗೂ ದಾರಿ ಇದೆ, ಶಿಗ್ಗಾಂವಿಗೂ ಇದೆ, ಮುಂಡಗೋಡಕ್ಕೂ ಇದೆ. ಮನೆ ಕಟ್ಟುವ ಕೆಲಸ ಎತ್ತ ಸಿಗುತ್ತದೋ ಅತ್ತ ಹೊರಡುವ ಗೌಂಡಿಗಳು, ಅವರ ಕೈಕೆಳಗಿನ ಆಳುಗಳು, ಬುಟ್ಟಿ ಹೊರುವ ಹೆಣ್ಣುಮಕ್ಕಳು ಈ ಭಾಗದ ಊರೂರಲ್ಲೂ ಇದ್ದಾರೆ. ಅವರಲ್ಲಿ ನಲವತ್ತು ದಾಟಿದವರನ್ನು ಮಾತನಾಡಿಸಿ ನೋಡಿ. ಮಳೆ, ಬೆಳೆ, ಮಕ್ಕಳ ಓದು ಮುಗಿಯುವಷ್ಟರಲ್ಲಿ ಮಾತು ನಡದ ನೋವಿಗೆ ಬಂದಿರುತ್ತದೆ. ‘ನಡಾ ಹಿಡದೈತ್ರಿ, ಏನ್ ಮಾಡೋದು, ದುಡೀಬೇಕಲ್ಲ’ ಎನ್ನುತ್ತಾರೆ.

ಹಿಂದೆ ಇಲ್ಲಿನ ಮನೆಗಳು ಹೆಚ್ಚಾಗಿ ಮಣ್ಣಿನವು. ಕಲಸಿದ ಮಣ್ಣನ್ನು ಮುದ್ದೆ ಮಾಡಿ, ಕೈಯಿಂದ ಕೈಗೆ ದಾಟಿಸಿ ಗೋಡೆ ಏರಿಸುತ್ತಿದ್ದರು. 2019ರ ಆಗಸ್ಟಿನ ಮಳೆ, ನೆರೆಗೆ ಹಾವೇರಿ ಜಿಲ್ಲೆಯಲ್ಲಿ ಅಂಥ ಸಾವಿರಾರು ಮನೆಗಳು ಕುಸಿದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಈಗ ಏಳುವ ಮನೆಗಳು ಸಿಮೆಂಟಿನವು. ಮನೆ ಗಟ್ಟಿಯಾಯಿತು, ಸಂತೋಷ. ಆದರೆ ಹೊರುವ ವಸ್ತುವೂ ಬದಲಾಯಿತು. ಮಣ್ಣಿನ ಮುದ್ದೆಯನ್ನು ಆಳು ತನ್ನ ಕೈಗೆ ನಿಲುಕುವಷ್ಟೇ ಮಾಡಿಕೊಳ್ಳುತ್ತಿದ್ದ. ಆರಿಂಚಿನ ಸಾಲಿಡ್ ಬ್ಲಾಕ್ ಸುಮಾರು 25 ಕಿಲೊ, ಸಿಮೆಂಟ್ ಚೀಲ 50 ಕಿಲೊ. ಇವುಗಳ ತೂಕ ಎಲ್ಲೋ ಕಾರ್ಖಾನೆಯಲ್ಲಿ ನಿಶ್ಚಯವಾಗಿ ಬರುತ್ತದೆ. ಹೊರುವವನನ್ನು ಯಾರೂ ಕೇಳಿರುವುದಿಲ್ಲ.

ಒಂದು ಸ್ಲ್ಯಾಬಿನ ಲೆಕ್ಕ ಹಾಕೋಣ. ಸಾವಿರ ಚದರಡಿ, ಐದಿಂಚು ದಪ್ಪ ಎಂದರೆ ಕಾಂಕ್ರೀಟಿನ ತೂಕ ಸುಮಾರು 28 ಟನ್. ಬುಟ್ಟಿಗೆ 20 ಕಿಲೊದಂತೆ 1,400 ಬುಟ್ಟಿ. ಲಿಫ್ಟ್ ಇರುವ ಮಿಕ್ಸರ್ ಬಂದಲ್ಲಿ ಈ ಭಾರ ಯಂತ್ರದ ಪಾಲಾಗುತ್ತದೆ. ಅದು ಬಾರದ ಕಡೆ ಸಾಲುಗಟ್ಟಿ ನಿಂತವರ ಕೈ, ತಲೆ, ನಡಗಳೇ ಅಷ್ಟನ್ನೂ ಮೇಲಕ್ಕೆ ಕಳಿಸಬೇಕು. ಅದೂ ಕಾಂಕ್ರೀಟ್ ಗಟ್ಟಿಯಾಗುವ ಮುನ್ನ, ಅವಸರ ಅವಸರವಾಗಿ.

ಇದರಿಂದ ನಡ ಹಿಡಿಯುವುದೇಕೆ? ಬೆನ್ನಿನ ಕೆಳಭಾಗದಲ್ಲಿ ಐದು ಕಶೇರುಗಳು, ಅಂದರೆ ಬೆನ್ನೆಲುಬಿನ ಮಣಿಗಳು ಇವೆ. ಎರಡೆರಡರ ನಡುವೆಯೂ ಮೆತ್ತನೆಯ ಬಿಲ್ಲೆ ಇದೆ. ಡಾಕ್ಟರು ಡಿಸ್ಕ್ ಎನ್ನುವುದು ಇದನ್ನೇ. ಬಾಗಿ, ಕೈ ಮುಂದೆ ಚಾಚಿ ಭಾರ ಎತ್ತಿದಾಗ ಸನ್ನೆಗೋಲಿನ ನಿಯಮ ಮೈಯೊಳಗೇ ಕೆಲಸ ಮಾಡುತ್ತದೆ. ಭಾರ ಬೆನ್ನೆಲುಬಿನಿಂದ 40 ಸೆಂಟಿಮೀಟರ್ ಮುಂದಿದ್ದರೆ, ಅದನ್ನು ತಡೆಯುವ ಸ್ನಾಯುಗಳು ಹಿಂದೆ 5 ಸೆಂಟಿಮೀಟರಿನಷ್ಟೇ ದೂರದಲ್ಲಿರುತ್ತವೆ. 25 ಕಿಲೊ ಬ್ಲಾಕಿಗಾಗಿ ಆ ಸ್ನಾಯುಗಳು 200 ಕಿಲೊದಷ್ಟು ಎಳೆಯಬೇಕು. ಆ ಎಳೆತವೆಲ್ಲ ಬಿಲ್ಲೆಯ ಮೇಲೆ ಬೀಳುತ್ತದೆ. ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಬಿಲ್ಲೆಯೊಳಗೇ ಸೂಜಿ ಇಳಿಸಿ ಒತ್ತಡ ಅಳೆದು, ಬಾಗಿ ಭಾರ ಹಿಡಿದಾಗ ಅದು ಎಷ್ಟು ಏರುತ್ತದೆಂದು ತೋರಿಸಿದರು. ಬಿಲ್ಲೆ ಸವೆದು ಉಬ್ಬಿ ನರವನ್ನು ಒತ್ತಿದರೆ ನೋವು ತೊಡೆಯಿಂದ ಪಾದದವರೆಗೆ ಇಳಿಯುತ್ತದೆ.

‘ನಮ್ಮ ಹಿರಿಯರು ಕ್ವಿಂಟಾಲ್ ಚೀಲ ಎತ್ತುತ್ತಿರಲಿಲ್ಲವೇ?’ ಎಂದು ಕೇಳುವವರಿದ್ದಾರೆ. ನಮ್ಮ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪೈಲ್ವಾನರನ್ನು ಕಂಡು ಬೆಳೆದವರು ನಾವು. ಆ ಶಕ್ತಿಯ ಮೇಲೆ ನನಗೂ ಅಭಿಮಾನವಿದೆ. ಆದರೆ ಪೈಲ್ವಾನ ತಿಂಗಳುಗಟ್ಟಲೆ ಹಾಲು, ತುಪ್ಪ ಉಂಡು, ಸಾಧನೆ ಮಾಡಿ, ನಾಲ್ಕಾರು ಸಲ ಎತ್ತಿ ವಿಶ್ರಾಂತಿ ಪಡೆಯುತ್ತಾನೆ. ಗೌಂಡಿಯ ಆಳು ರೊಟ್ಟಿ, ಪಲ್ಯ ಉಂಡು ದಿನಕ್ಕೆ ನೂರಾರು ಸಲ ಎತ್ತುತ್ತಾನೆ, ಮರುದಿನ ಮತ್ತೆ ಎತ್ತುತ್ತಾನೆ. ಅಷ್ಟು ಸಲದ ಸವೆತವನ್ನು ಯಾವ ಗಟ್ಟಿ ಮೈಯೂ ತಾಳದು.

ನಮ್ಮ ದೇಶದಲ್ಲಿ ಗಾಡಿಯ ಎತ್ತುಗಳಿಗೆ 1965ರಲ್ಲೇ ನಿಯಮ ಬಂತು. ಇಷ್ಟಕ್ಕಿಂತ ಹೆಚ್ಚು ಹೇರಬಾರದು, ವಿಶ್ರಾಂತಿ ಕೊಡದೆ ಒಂದೇ ಸಮನೆ ಐದು ಗಂಟೆ ಮೀರಿ ದುಡಿಸಬಾರದು ಎಂದು ಅದು ಹೇಳಿತು. ಮೂಕಪ್ರಾಣಿಗೆ ಆ ದಯೆ ಸಲ್ಲಬೇಕಾದದ್ದೇ. ಕಟ್ಟಡ ಕಾರ್ಮಿಕರ ಕಾಯ್ದೆ ಬಂದದ್ದು 1996ರಲ್ಲಿ. ಅದರಡಿ 1998ರ ಕೇಂದ್ರ ನಿಯಮಗಳು ಗಂಡಾಳಿಗೆ 55 ಕಿಲೊ, ಹೆಣ್ಣಾಳಿಗೆ 30 ಕಿಲೊ ಎಂದು ಮಿತಿ ಹಾಕಿದವು. ದುಡಿಯುವವರ ಸುರಕ್ಷತೆ, ಆರೋಗ್ಯದ ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ 1991ರ ಭಾರ ಎತ್ತುವ ಸೂತ್ರವಾದರೋ, ಎಲ್ಲ ಅನುಕೂಲವಿದ್ದಾಗಲೂ 23 ಕಿಲೊ ಮೀರಬಾರದು ಎನ್ನುತ್ತದೆ. ಗಂಡಾಳಿಗೆ ನಮ್ಮ 1998ರ ಮಿತಿ ಅದರ ಎರಡು ಪಟ್ಟಿಗಿಂತ ಹೆಚ್ಚು. ಅದರ ಮೇಲೆ, ಹತ್ತಕ್ಕಿಂತ ಕಡಿಮೆ ಆಳುಗಳಿರುವ ಕೆಲಸಕ್ಕೆ 1996ರ ಕಾಯ್ದೆ ಅನ್ವಯಿಸುತ್ತಲೇ ಇರಲಿಲ್ಲ. ನಮ್ಮ ಹಳ್ಳಿಗಳ ಮನೆಗಳನ್ನು ಕಟ್ಟುವವರು ಹೆಚ್ಚಾಗಿ ಅಂಥ ಸಣ್ಣ ಗುಂಪುಗಳೇ.

ಇನ್ನೊಂದು ಅನ್ಯಾಯವಿದೆ. ಸಾರವೆಯಿಂದ ಬಿದ್ದವನಿಗೆ ಬಿದ್ದ ದಿನ ಗೊತ್ತಿರುತ್ತದೆ, ಸಾಕ್ಷಿ ಇರುತ್ತದೆ, ಪರಿಹಾರ ಕೇಳಲು ಆಧಾರ ಇರುತ್ತದೆ. ಇಪ್ಪತ್ತು ವರ್ಷದಲ್ಲಿ ಸವೆದ ಬೆನ್ನಿಗೆ ತಾರೀಖೂ ಇಲ್ಲ, ಸಾಕ್ಷಿಯೂ ಇಲ್ಲ. ಯಾವ ಮಾಲಕನ ಕೆಲಸದಲ್ಲಿ ಕೆಟ್ಟಿತೆಂದು ಹೇಳಲಾಗದು. ಹಾಗಾಗಿ ನಷ್ಟವೆಲ್ಲ ಆ ಮನೆಯವರದೇ. ಉಳುಕು ತೆಗೆಸಿ, ಎಣ್ಣೆ ತಿಕ್ಕಿಸಿ, ಅಂಗಡಿಯ ನೋವಿನ ಗುಳಿಗೆ ನುಂಗಿ ಕೆಲಸಕ್ಕೆ ಹೋಗುತ್ತಾರೆ. ಆ ಗುಳಿಗೆ ನೋವನ್ನು ಮರೆಸುತ್ತದೆ, ಸವೆತವನ್ನು ನಿಲ್ಲಿಸುವುದಿಲ್ಲ; ದಿನವೂ ನುಂಗಿದರೆ ಮೂತ್ರಪಿಂಡಕ್ಕೂ ಕೇಡು. ಕಾಲು ಜೋಮು ಹಿಡಿದು ಬಲ ತಪ್ಪಿದರೆ, ಮೂತ್ರದ ಹಿಡಿತ ಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕು.

ಈ ಭಾರವನ್ನು ಇಳಿಸಲು ಸಾಧ್ಯವಿದೆ. ಆಸ್ಟ್ರೇಲಿಯದಲ್ಲಿ ಸಿಮೆಂಟ್ 20 ಕಿಲೊ ಚೀಲದಲ್ಲಿ ಬರುತ್ತದೆ, ಬ್ರಿಟನ್ನಿನಲ್ಲಿ 25 ಕಿಲೊ. ಅಲ್ಲಿಯ ಕಟ್ಟಡಗಳು ಅದರಿಂದ ಬಡವಾಗಿಲ್ಲ. ಐವತ್ತು ಕಿಲೊ ಸಿಮೆಂಟಿಗೆ ಉಸುಕು ಇಷ್ಟು, ಖಡಿ ಇಷ್ಟು ಎಂಬ ನಮ್ಮ ಲೆಕ್ಕವೂ ಕೆಡುವುದಿಲ್ಲ: ಒಂದರ ಜಾಗದಲ್ಲಿ 25 ಕಿಲೊದ ಎರಡು ಚೀಲ ಒಡೆದರಾಯಿತು. ಕಂಪನಿಗಳು ಚೀಲ ಚಿಕ್ಕದು ಮಾಡಲಿ, ಸರ್ಕಾರ ಅದನ್ನು ಕಡ್ಡಾಯ ಮಾಡಲಿ.

ಅಲ್ಲಿಯವರೆಗೆ ಮನೆ ಕಟ್ಟಿಸುವವರು ಮಾಡಬಹುದಾದದ್ದು ಬಹಳಿದೆ. ಬ್ಲಾಕು, ಉಸುಕು, ಖಡಿಯನ್ನು ಕೆಲಸದ ಜಾಗದ ಹತ್ತಿರವೇ ಇಳಿಸಿ. ಬ್ಲಾಕನ್ನು ನೆಲದ ಮೇಲೆ ಒಟ್ಟುವ ಬದಲು ಸೊಂಟದೆತ್ತರದ ಕಟ್ಟೆ, ಹಲಗೆಯ ಮೇಲೆ ಒಟ್ಟಿಸಿ. ಬಾಗುವುದು ಅರ್ಧ ತಪ್ಪುತ್ತದೆ. ಚೀಲಕ್ಕೆ ಇಬ್ಬರು ಕೈ ಹಚ್ಚಲಿ, ಇಲ್ಲವೇ ತಳ್ಳುಗಾಡಿ ಇರಲಿ. ಸ್ಲ್ಯಾಬಿಗೆ ಲಿಫ್ಟ್ ಇರುವ ಮಿಕ್ಸರಿನ ಬಾಡಿಗೆಯನ್ನು ಮೊದಲೇ ಅಂದಾಜಿಗೆ ಸೇರಿಸಿ. ನಡುನಡುವೆ ಕೂರಲು ನೆರಳು, ಕುಡಿಯಲು ನೀರು ಕೊಡಿ, ಕೂತವರನ್ನು ಗದರಬೇಡಿ. ವರ್ಷದಲ್ಲಿ 90 ದಿನ ದುಡಿದ ಆಳು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಕಾರ್ಡು ಇದ್ದವರಿಗೆ ಅಪಘಾತ, ಅಂಗವೈಕಲ್ಯದ ನೆರವು, 60ರ ಮೇಲೆ ಪಿಂಚಣಿ ಇದೆ. ದುಡಿದ ದಿನಗಳ ದೃಢೀಕರಣಕ್ಕೆ ಅವರು ನಿಮ್ಮ ಸಹಿ ಕೇಳಿದರೆ ಹಿಂದೆ ಮುಂದೆ ನೋಡದೆ ಹಾಕಿಕೊಡಿ.

ಮನೆ ಕಟ್ಟುವಾಗ ಬುನಾದಿಗೆ, ಕಬ್ಬಿಣಕ್ಕೆ, ಬಾಗಿಲ ಕೆತ್ತನೆಗೆ ಖರ್ಚು ಮಾಡುತ್ತೇವೆ. ಗೃಹಪ್ರವೇಶಕ್ಕೆ ಊರಿಗೇ ಊಟ ಹಾಕುತ್ತೇವೆ. ಕಟ್ಟುವವರ ಬೆನ್ನು ಉಳಿಸುವ ಖರ್ಚನ್ನೂ ಅದೇ ಪಟ್ಟಿಯಲ್ಲಿ, ಬುನಾದಿಗಿಂತ ಮೇಲೆ ಬರೆಯೋಣ.